ಪರೀಕ್ಷೆ ತಿಕೋಟಾದಲ್ಲಿ ಆಗಲಿ

ಎದೆಯ ಫೋಟೋ ಎಂಬುದು ನಮ್ಮ ಗಿರಣಿ ಕಾಮಗಾರರಿಗೆ ಹೊಸ ಮಾತಲ್ಲ. ಹತ್ತಿಯ ಜಿನ್ನಿನಲ್ಲಿ ವರ್ಷಗಟ್ಟಲೆ ಧೂಳು ಕುಡಿದವನಿಗೆ ಕೆಮ್ಮು ಹತ್ತಿತೆಂದರೆ ವೈದ್ಯರು ಮೊದಲು ಬರೆದುಕೊಡುವುದು ಅದನ್ನೇ. ಹಿಂದೆ ಆ ಫೋಟೋ ಕರಿಹಾಳೆಯಾಗಿ ರೋಗಿಯ ಕೈಗೆ ಬರುತ್ತಿತ್ತು. ಈಗ ಅದು ಗಣಕಯಂತ್ರದಲ್ಲಿ ಹುಟ್ಟಿ, ಯಾವುದೋ ತಂತ್ರಾಂಶದ ಉಗ್ರಾಣದಲ್ಲಿ ಉಳಿಯುತ್ತದೆ. ಸರಕಾರಿ ದವಾಖಾನೆಗೆ ಆ ತಂತ್ರಾಂಶವನ್ನು ಕೊಳ್ಳುವುದು ನಮ್ಮ ನಿಮ್ಮ ತೆರಿಗೆಯ ಹಣದಿಂದಲೇ. ಕೊಳ್ಳುವ ಮುನ್ನ ಅದನ್ನು ಯಾರು, ಎಲ್ಲಿ ಒರೆಗೆ ಹಚ್ಚಿ ನೋಡುತ್ತಾರೆಂದು ಕೇಳುವ ಹಕ್ಕು ದುಡಿಯುವ ಜನಕ್ಕಿದೆ.

ಮಾರಾಟಗಾರ ತೋರಿಸುವ ಆಟ ಪರೀಕ್ಷೆಯಲ್ಲ. ಬೆಂಗಳೂರಿನ ತಂಪು ಕೋಣೆಯಲ್ಲಿ, ಅವನೇ ಆಯ್ದು ತಂದ ಚಿತ್ರಗಳನ್ನು ಹಾಕಿದರೆ ಯಾವ ತಂತ್ರಾಂಶವೂ ಚೆಂದವೇ ಕಾಣುತ್ತದೆ. 2018ರಲ್ಲಿ ತಾಲೂಕುಗಳಾದ ತಿಕೋಟಾ, ಬಬಲೇಶ್ವರಗಳ ಗತಿ ಬೇರೆ. ಅಂಥ ಊರಲ್ಲಿ ತೆಗೆದ ಚಿತ್ರವನ್ನು ಓದುವ ತಜ್ಞರು ವಿಜಯಪುರದಲ್ಲೋ ಇನ್ನೂ ದೂರದಲ್ಲೋ ಇರುತ್ತಾರೆ. ಸಿ.ಟಿ. ಪರೀಕ್ಷೆ ಒಂದಾದರೆ ಕಳಿಸಬೇಕಾದ ಚಿತ್ರಗಳು ನೂರಾರು. ನಡುವೆ ಕರೆಂಟು ಹೋದರೆ ಉಳಿದವು ತಾವಾಗಿ ಸಾಗುತ್ತವೆಯೋ, ಮೊದಲಿನಿಂದ ಕಳಿಸಬೇಕೋ? ಸಿಬ್ಬಂದಿ ಬೇಸತ್ತು ಪರದೆಗೆ ಮೊಬೈಲು ಹಿಡಿದು, ಆ ಫೋಟೋವನ್ನು ವಾಟ್ಸ್ಯಾಪಿನಲ್ಲಿ ಕಳಿಸುವ ಹೊತ್ತು ಬಂದರೆ ತಂತ್ರಾಂಶ ಸೋತಿತೆಂದೇ ತಿಳಿಯಬೇಕು. ಯಂತ್ರ ಹಿಡಿದ ಕಪ್ಪು ಬಿಳುಪಿನ ಸಾವಿರಾರು ಛಾಯೆಗಳಲ್ಲಿ ಆ ಮೊಬೈಲ್ ಚಿತ್ರದಲ್ಲಿ ಹೆಚ್ಚೆಂದರೆ 256 ಉಳಿಯುತ್ತವೆ. ಕ್ಷಯದ ಸಣ್ಣ ಕಲೆ ಅಲ್ಲಿಯೇ ಅಳಿದುಹೋಗಬಹುದು.

ಅಂಗಡಿಕಾರರಿಗೆ ಒಂದು ಪ್ರಶ್ನೆ. ಗುಮಾಸ್ತ ಕೆಲಸ ಬಿಟ್ಟು ಹೋಗುವಾಗ ಕೀರ್ದಿ ಖಾತೆಗಳನ್ನೂ ಬಗಲಲ್ಲಿ ಇಟ್ಟುಕೊಂಡು ಹೊರಟರೆ ಸುಮ್ಮನೆ ಬಿಡುತ್ತೀರಾ? ಕರಾರು ಮುಗಿದ ದಿನ ಚಿತ್ರಗಳು ದವಾಖಾನೆಗೆ ಸಿಕ್ಕದಂತೆ ಬೀಗ ಹಾಕುವ ಕಂಪನಿಯದೂ ಅದೇ ವರ್ತನೆ. ಇದಕ್ಕೆ ಮದ್ದಿಲ್ಲವೆಂದಲ್ಲ. ಯಾವ ಕಂಪನಿಯ ಯಂತ್ರದ ಚಿತ್ರವನ್ನೂ ಇನ್ನೊಂದು ಕಂಪನಿಯ ಯಂತ್ರ ಓದಬೇಕೆಂದು 1985ರಲ್ಲಿಯೇ ಅಮೆರಿಕದಲ್ಲಿ ಒಂದು ಒಪ್ಪಿತ ಮಾದರಿ ಹೊರಟಿತು. 1993ರಿಂದ ಅದರ ಹೆಸರು ಡೈಕಾಮ್. ಡೈಕಾಮ್ ಇದೆಯೆಂದು ಕಾಗದದಲ್ಲಿ ಬರೆದುಕೊಟ್ಟರೆ ಸಾಲದು. ಸಾವಿರ ಚಿತ್ರಗಳನ್ನು ಹೊರತೆಗೆದು ಬೇರೊಂದು ತಂತ್ರಾಂಶದಲ್ಲಿ ತೆರೆದು ತೋರಿಸಲಿ. ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹುಟ್ಟಿ 2012ರಲ್ಲಿ ಹೊರಬಂದ ಆರ್ಥಾಂಕ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಬಿಚ್ಚಿ ನೋಡಬಹುದು. ಬಿಟ್ಟಿಯೆಂದರೆ ಖರ್ಚೇ ಇಲ್ಲವೆಂದಲ್ಲ. ನಡೆಸಲು ಬಲ್ಲವರಿಗೆ ಪಗಾರ ಕೊಡಬೇಕು. ಆದರೆ ಆ ಹಣ ನಮ್ಮ ಹುಡುಗರಿಗೇ ಸಂದೀತು.

ಈಗ ಚಿತ್ರವನ್ನು ತಾನೇ ಓದಿ ಕ್ಷಯವಿದೆ, ಇಲ್ಲ ಎನ್ನುವ ತಂತ್ರಾಂಶಗಳೂ ಬಂದಿವೆ. 15 ವರ್ಷ ಮತ್ತು ಮೇಲ್ಪಟ್ಟವರ ಕ್ಷಯ ತಪಾಸಣೆಗೆ ಇವನ್ನು ಬಳಸಬಹುದೆಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ತಜ್ಞರಿಲ್ಲದ ಊರಿಗೆ ಇದು ಉಪಕಾರವೇ. ನಾವು ಯಂತ್ರದ ವೈರಿಗಳಲ್ಲ. ಆದರೆ 2018ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಅಧ್ಯಯನವನ್ನು ನೋಡಿರಿ. ನ್ಯುಮೋನಿಯಾ ಗುರುತಿಸಲು ಕಲಿತ ತಂತ್ರಾಂಶ ತಾನು ಕಲಿತ ಆಸ್ಪತ್ರೆಗಳ ಚಿತ್ರಗಳಲ್ಲಿ ಚುರುಕಾಗಿತ್ತು, ಹೊರಗಿನ ಆಸ್ಪತ್ರೆಯ ಚಿತ್ರಗಳಲ್ಲಿ ಮಂಕಾಯಿತು. ಚಿತ್ರ ಯಾವ ಆಸ್ಪತ್ರೆಯದೆಂಬುದನ್ನೂ ಅದು ಗುರುತು ಹಿಡಿಯುತ್ತಿತ್ತಂತೆ! ಎಲ್ಲಿಯೋ ಕಲಿತು ಬಂದ ಯಂತ್ರಕ್ಕೆ ಹತ್ತಿ ಧೂಳಿನ ಎದೆ, ಎಂದೋ ಮಾಸಿದ ಕ್ಷಯದ ಎದೆ ಹೇಗೆ ಕಂಡೀತು? ಎರಡು ಕಿಲೋ ಬೆಲ್ಲ ತೂಗುವ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಇಲ್ಲದಿದ್ದರೆ ಅಂಗಡಿಕಾರನಿಗೆ ದಂಡ. ವೈದ್ಯಕೀಯ ತಂತ್ರಾಂಶವೂ ಉಪಕರಣವೇ ಎಂದು ಕೇಂದ್ರ ಸರಕಾರದ ನಿಯಮ 2020ರ ಏಪ್ರಿಲ್ 1ರಿಂದ ಹೇಳುತ್ತದೆ. ಅದರ ತೂಕವನ್ನು ನಮ್ಮ ಜಿಲ್ಲೆಯ ಚಿತ್ರಗಳಿಂದ, ನಮ್ಮ ವೈದ್ಯರ ಕಣ್ಣೆದುರು ನೋಡಬೇಕು.

ಬೀಗದ ಮಾತೂ ಇದೆ. ಬೀಗವಿಲ್ಲದ ಗಣಕಗಳಿಂದ ಭಾರತದ ರೋಗಿಗಳ ಹನ್ನೆರಡು ಕೋಟಿಯಷ್ಟು ಚಿತ್ರಗಳು ಅಂತರಜಾಲದಲ್ಲಿ ಬಯಲಾಗಿ ಬಿದ್ದಿವೆಯೆಂದು 2020ರಲ್ಲಿ ಜರ್ಮನಿಯ ಒಂದು ಸಂಸ್ಥೆ ಹೊರಗೆಡವಿತು. ದಿಲ್ಲಿಯ ಏಮ್ಸ್ ಆಸ್ಪತ್ರೆಯ ಗಣಕಗಳು 2022ರ ನವೆಂಬರಿನಲ್ಲಿ ದಾಳಿಗೆ ಸಿಕ್ಕಾಗ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ಸಾಗಿತು. ದಿಲ್ಲಿಯ ಪಾಡೇ ಅದಾದರೆ ಬಬಲೇಶ್ವರದಲ್ಲಿ ಕಾಗದ ಪೆನ್ಸಿಲಿನ ಏರ್ಪಾಡನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು.

ವೈದ್ಯಕೀಯ ಕಾಲೇಜು ಖಾಸಗಿ ಪಾಲಿನದು ಬೇಡ, ಸರಕಾರದ್ದೇ ಬೇಕೆಂದು ವಿಜಯಪುರದ ಜನ 2025ರಲ್ಲಿ ಧರಣಿ ಕೂತರು. ಕಟ್ಟಡ ಸರಕಾರದ್ದಾಗಿ, ಅದರೊಳಗಿನ ಚಿತ್ರಗಳೆಲ್ಲ ಕಂಪನಿಯ ಉಗ್ರಾಣಕ್ಕೆ ಸೇರಿದರೆ ಏನು ಬಂತು? ಯಾವ ಟೆಂಡರಿಗೂ ಸಹಿ ಬೀಳುವ ಮುನ್ನ ತಂತ್ರಾಂಶ ಒಂದು ತಿಂಗಳು ತಿಕೋಟಾದಲ್ಲಿ, ಒಂದು ತಿಂಗಳು ಬಬಲೇಶ್ವರದಲ್ಲಿ ದುಡಿದು ತೋರಿಸಲಿ. ಎಷ್ಟು ಚಿತ್ರ ಹೋದವು, ಎಷ್ಟು ನಿಂತವು, ವರದಿ ಎಷ್ಟು ತಾಸಿಗೆ ಬಂತೆಂಬ ಲೆಕ್ಕವನ್ನು ದವಾಖಾನೆಯ ಬಾಗಿಲಲ್ಲಿ ಕನ್ನಡದಲ್ಲಿ ಅಂಟಿಸಲಿ. ತನ್ನ ಎದೆಯ ಚಿತ್ರದ ಪ್ರತಿಯನ್ನು ಕೇಳಿದ ಕಾಮಗಾರನಿಗೆ ಅದೇ ದಿನ, ದುಡ್ಡಿಲ್ಲದೆ ಸಿಗಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಬಗೆಗೆ ಏನೆನ್ನುತ್ತಾರೆಂದು ಕೇಳಲಿಚ್ಛಿಸುತ್ತೇವೆ. ಅವರ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.