ತಲೆಗೆ ಹೆಲ್ಮೆಟ್, ಕಿವಿಗೆ ಹಾಡು?

ಹಿಮದ ಮೇಲೆ ಜಾರುವ ಸ್ಕೀ ಆಟಗಾರರಿಗೆಂದು ಕಿವಿಪಟ್ಟಿಯೊಳಗೆ ಪುಟ್ಟ ಸ್ಪೀಕರ್ ಇಟ್ಟ ಹೆಲ್ಮೆಟ್ಟುಗಳಿವೆ. ಮೊಬೈಲಿನ ಹಾಡು ತಂತಿಯಿಲ್ಲದೆ, ಬ್ಲೂಟೂತ್ ಮೂಲಕ ಕೇಳಿಬರುತ್ತದೆ. ಈಗ ಬೈಕ್ ಹೆಲ್ಮೆಟ್ಟಿಗೂ ಈ ಸೌಕರ್ಯ ಬಂದಿದೆ. ದಾಂಡೇಲಿಯಿಂದ ಹಳಿಯಾಳದ ಕಾಲೇಜಿಗೆ ಬೈಕಿನಲ್ಲಿ ಹೋಗುವ ಮಗ ಅಂಥದ್ದೇ ಬೇಕೆಂದರೆ ಪಾಲಕರು ಏನು ನೋಡಬೇಕು?

ಮೊದಲು ಐಎಸ್‌ಐ ಗುರುತು. 2021ರ ಜೂನ್ 1ರಿಂದ ದ್ವಿಚಕ್ರ ವಾಹನದ ಹೆಲ್ಮೆಟ್ಟಿಗೆ ಇದು ಕಡ್ಡಾಯ. ಮಾನಕದ ಸಂಖ್ಯೆ ಐಎಸ್ 4151. ಸ್ಕೀ ಹೆಲ್ಮೆಟ್ ಬೈಕಿಗೆ ಸಲ್ಲದು. ಎರಡನೆಯದು ಅಳತೆ. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜಾರಬಾರದು. ಮೂರನೆಯದು ಒಳಗಿನ ಥರ್ಮೋಕೋಲ್ ಪದರ. ಪೆಟ್ಟನ್ನು ತಾನು ಹೀರಿಕೊಂಡು ತಲೆ ಉಳಿಸುವುದು ಅದೇ. ಸ್ಪೀಕರ್ ಕೂರಿಸಲೆಂದು ಅದನ್ನು ಕೊರೆಸಬಾರದು.

ಇನ್ನು ಹಾಡಿನ ಮಾತು. ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್‌ಗೆ ಇಳಿಯುವವರೂ ಹೆಲ್ಮೆಟ್ ತೊಡುತ್ತಾರೆ. ಅಲ್ಲಿ ಗೈಡ್ ಕೂಗಿದ್ದು ಕಿವಿಗೆ ಬೀಳಲೇಬೇಕು. ರಸ್ತೆಯೂ ಹಾಗೆಯೇ. ಜೋಯಿಡಾದ ಕಾಡಿನ ತಿರುವಿರಲಿ, ಮುಂಡಗೋಡದ ದಾರಿಯಿರಲಿ, ಮರೆಯಲ್ಲಿ ಬರುವ ಲಾರಿಯ ಸುಳಿವು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಹಣವನ್ನು ಒಳ್ಳೆಯ ಹೆಲ್ಮೆಟ್ಟಿಗೆ ಹಾಕುವುದೇ ಜಾಣತನ. ಸ್ಪೀಕರ್ ಇದ್ದರೂ ಗಾಡಿ ಓಡುವಾಗ ಸುಮ್ಮನಿರಲಿ. ಹಾಡು ಮನೆ ಸೇರಿದ ಮೇಲೂ ಕೇಳಬಹುದು.