ಎಲ್ಲರಿಗೂ ಫುಲ್ ಕಂಟ್ರೋಲ್ ಯಾಕೆ ಸ್ವಾಮಿ?

ಮನೆಯ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆಯೋಕೆ ಹೋಗಿ ‘ಆಕ್ಸೆಸ್ ಡಿನೈಡ್’ ಅಂತ ಬಂದರೆ ನಮ್ಮಲ್ಲಿ ಎರಡೇ ಮದ್ದು ಚಾಲ್ತಿಯಲ್ಲಿವೆ. ‘ಎವ್ರಿಒನ್’ ಅಂತ ಸೇರಿಸಿ ಫುಲ್ ಕಂಟ್ರೋಲ್ ಕೊಟ್ಟುಬಿಡಿ, ಇದು ನೆಂಟರ ಪೈಕಿ ಕಂಪ್ಯೂಟರ್ ಗೊತ್ತಿರೋ ಹುಡುಗ ಹೇಳೋದು. ಫಾರ್ಮ್ಯಾಟ್ ಮಾಡ್ಬೇಕು ಸಾರ್, ಇದು ರಿಪೇರಿ ಅಂಗಡಿಯವರು ಹೇಳೋದು. ರೋಗ ಏನು ಅಂತ ಇಬ್ಬರೂ ನೋಡೋದಿಲ್ಲ. ನನ್ನ ತಕರಾರು ಅದು.

ಬಹಳಷ್ಟು ಮನೆಗಳಲ್ಲಿ ನಡೆಯೋದು ಹೀಗೆ. ಹಳೇ ಕಂಪ್ಯೂಟರ್ ಕೆಟ್ಟಿರುತ್ತೆ, ಅದರ ಡಿಸ್ಕ್ ಚೆನ್ನಾಗೇ ಇರುತ್ತೆ. ಬಿಚ್ಚಿ ಹೊಸದಕ್ಕೆ ಸಿಕ್ಕಿಸಿದರೆ ಫೋಟೋ ಇರುವ ಫೋಲ್ಡರ್ ಬಾಗಿಲು ತೆಗೆಯೋದಿಲ್ಲ. ಅಲ್ಲೂ ನಿಮ್ಮ ಅಕೌಂಟಿನ ಹೆಸರು ರಮೇಶ, ಇಲ್ಲೂ ರಮೇಶ, ಪಾಸ್‌ವರ್ಡ್ ಕೂಡ ಅದೇ. ಆದರೆ ವಿಂಡೋಸ್ ಹೆಸರನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಒಂದೊಂದು ಅಕೌಂಟಿಗೂ ಎಸ್-1-5-21 ಅಂತ ಶುರುವಾಗುವ ಉದ್ದನೆಯ ಸಂಖ್ಯೆ ಇರುತ್ತೆ, ಅದಕ್ಕೆ ಎಸ್‌ಐಡಿ ಅಂತಾರೆ. ವಿಂಡೋಸ್ ಹೊಸದಾಗಿ ಹಾಕಿಸಿದಾಗ ಆ ಸಂಖ್ಯೆಯೂ ಹೊಸದಾಗುತ್ತೆ. ಹಳೇ ಫೋಲ್ಡರ್ ಮೇಲೆ ಹಳೇ ಸಂಖ್ಯೆ ಹಾಗೇ ಕೂತಿರುತ್ತೆ. ಜಮೀನು ನಿಮ್ಮದೇ, ಉಳುತ್ತಿರೋರೂ ನೀವೇ, ಪಹಣಿಯಲ್ಲಿ ಮಾತ್ರ ತೀರಿಹೋದ ಅಜ್ಜನ ಹೆಸರು. ಅಂಥ ಹೊತ್ತಲ್ಲಿ ಯಾರಾದರೂ ಬೇಲಿ ಕಿತ್ತು ಊರವರೆಲ್ಲ ಬನ್ನಿ ಅಂತಾರಾ? ಖಾತೆ ಬದಲಾವಣೆ ಮಾಡಿಸ್ತಾರೆ.

ಸಿಟ್ಟು ಬರೋದು ಎಲ್ಲಿ ಅಂದರೆ, ಈ ವಿಷಯ ಯಂತ್ರಕ್ಕೆ ಗೊತ್ತಿದೆ. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ಅನ್ನೋದನ್ನು ತೆರೆದು ನೋಡಿ. ‘ಅಕೌಂಟ್ ಅನ್‌ನೋನ್’ ಅಂತ ಬರೆದು ಪಕ್ಕದಲ್ಲೇ ಆ ಸಂಖ್ಯೆ ಇರುತ್ತೆ. ‘ಇದು ಹಳೇ ವಿಂಡೋಸ್‌ನ ಅಕೌಂಟಿಗೆ ಸೇರಿದ್ದು, ಈಗಿನ ಅಕೌಂಟಿಗೆ ವರ್ಗಾಯಿಸಲೇ?’ ಅಂತ ಒಂದು ಸಾಲು ಕೇಳೋಕೆ ಏನು ಕಷ್ಟ? ಅದು ಬಿಟ್ಟು ನಿಮಗೆ ಅನುಮತಿಯಿಲ್ಲ ಅಂತ ಗದರಿಸುತ್ತೆ. ವಿಂಡೋಸ್ 98ರ ಕಾಲದಲ್ಲಿ ಈ ರಗಳೆಯೇ ಇರಲಿಲ್ಲ, ಆಗಿನ ಫ್ಯಾಟ್ ಡಿಸ್ಕುಗಳಲ್ಲಿ ಅನುಮತಿ ಅಂತಲೇ ಇರಲಿಲ್ಲ. 2001ರಲ್ಲಿ ಎಕ್ಸ್‌ಪಿ ಜೊತೆ ಎನ್‌ಟಿಎಫ್‌ಎಸ್ ಮನೆಮನೆಗೆ ಬಂತು. ತಮಾಷೆ ನೋಡಿ, ಎಕ್ಸ್‌ಪಿ ಹೋಮ್‌ನಲ್ಲಿ ಸೆಕ್ಯುರಿಟಿ ಟ್ಯಾಬ್ ಕಾಣಬೇಕಂದರೆ ಸೇಫ್ ಮೋಡಿಗೇ ಹೋಗಬೇಕಿತ್ತು. ಬೀಗ ಕೊಟ್ಟು ಕೀಲಿಕೈ ಅಟ್ಟದ ಮೇಲಿಟ್ಟ ಹಾಗೆ.

ಇದರ ಪೆಟ್ಟು ಯಾರಿಗೆ ಬೀಳುತ್ತೆ ಗೊತ್ತಾ? ನಮ್ಮ ಬೀದಿಯಲ್ಲೊಬ್ಬರು ನಿವೃತ್ತ ಟೀಚರ್ ಇದ್ದಾರೆ. ಯಜಮಾನರು ಹೋದ ಮೇಲೆ ಅವರು ತೆಗೆದಿದ್ದ ಫೋಟೋಗಳೆಲ್ಲ ಹಳೇ ಡಿಸ್ಕಿನಲ್ಲೇ ಉಳಿದಿದ್ದವು. ಅಂಗಡಿಯವನು ನೋಡಿ, “ಅಮ್ಮಾ, ಡಿಸ್ಕ್ ಕರಪ್ಟ್ ಆಗಿದೆ, ಡೇಟಾ ರಿಕವರಿಗೆ ಕಳಿಸ್ಬೇಕು, ಇಲ್ಲಾಂದ್ರೆ ಫಾರ್ಮ್ಯಾಟೇ ಗತಿ” ಅಂದನಂತೆ. ಡಿಸ್ಕಿಗೆ ಏನೂ ಆಗಿರಲಿಲ್ಲ. ಅಡ್ಮಿನಿಸ್ಟ್ರೇಟರ್ ಅಕೌಂಟಿನಿಂದ ಫೋಲ್ಡರ್ ಮೇಲೆ ಕ್ಲಿಕ್ ಮಾಡಿ, ‘ಕಂಟಿನ್ಯೂ’ ಒತ್ತಿ ಕಾದರೆ ತೆರೆಯಿತು. ಅದು ಗೊತ್ತಿಲ್ಲದೇ ಹೇಳಿದನೋ, ಗೊತ್ತಿದ್ದೂ ಹೇಳಿದನೋ, ಟೀಚರಮ್ಮ ಹ್ಞೂಂ ಅಂದಿದ್ದರೆ ಅಷ್ಟೂ ಫೋಟೋ ಹೋಗಿರೋದು.

ಇನ್ನು ನೆಂಟರ ಹುಡುಗನ ಮದ್ದು. ಬರೀ ಫೋಟೋ ಫೋಲ್ಡರಿಗೆ ಮಾಡಿದರೆ ಮನೆಯಲ್ಲಿ ಯಾರ ಅಕೌಂಟಿನಿಂದಲಾದರೂ ಅದನ್ನು ಅಳಿಸಬಹುದು, ಅಷ್ಟೇ. ಆದರೆ ಹುಡುಗ ಅಲ್ಲಿಗೆ ನಿಲ್ಲಿಸಲ್ಲ, ಇರಲಿ ಅಂತ ಇಡೀ ಸಿ ಡ್ರೈವಿಗೇ ಕೊಡ್ತಾನೆ. ಆಮೇಲೆ ಯಾವ ಚಿಲ್ಲರೆ ಪ್ರೋಗ್ರಾಮ್ ಬೇಕಾದರೂ ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಕೈಹಾಕಿ, ನಿಮ್ಮನ್ನು ಒಂದು ಮಾತೂ ಕೇಳದೇ, ಅಸಲಿ ಫೈಲ್ ತೆಗೆದು ನಕಲಿ ಇಡಬಹುದು. ಇನ್ನೊಂದು ಗಮ್ಮತ್ತು ಇದೆ. ಸಿ ಡ್ರೈವಿನಲ್ಲಿ ಅಡಗಿರೋದನ್ನೆಲ್ಲ ತೋರಿಸು ಅಂದರೆ ‘ಡಾಕ್ಯುಮೆಂಟ್ಸ್ ಆಂಡ್ ಸೆಟಿಂಗ್ಸ್’ ಅಂತ ಕಾಣುತ್ತೆ, ಒತ್ತಿದರೆ ತೆರೆಯಲ್ಲ. ಅದು ಫೋಲ್ಡರೇ ಅಲ್ಲ, ಹಳೇ ಪ್ರೋಗ್ರಾಮುಗಳಿಗೆ ‘ಯೂಸರ್ಸ್’ ಕಡೆ ದಾರಿ ತೋರಿಸೋಕೆ ವಿಸ್ಟಾ ಕಾಲದಿಂದ ಇಟ್ಟ ಕೈಕಂಬ. ಇಂಥವು ಒಳಗೂ ಹಲವು ಇವೆ. ಆಪ್‌ಡೇಟಾದ ಲೋಕಲ್ ಒಳಗಿರುವ ‘ಅಪ್ಲಿಕೇಶನ್ ಡೇಟಾ’ ಅನ್ನೋದು ಮತ್ತೆ ಅದೇ ಲೋಕಲ್‌ಗೆ ಕೈ ತೋರಿಸುತ್ತೆ. ತಡೆ ತೆಗೆದುಬಿಟ್ಟರೆ ಅರಿಯದ ಬ್ಯಾಕಪ್ ಪ್ರೋಗ್ರಾಮ್ ಅಲ್ಲೇ ಗಾಣದೆತ್ತಿನಂತೆ ಸುತ್ತುತ್ತೆ. ಸಾವಿರಾರು ಫೈಲುಗಳ ಅನುಮತಿ ಒಂದೇ ಏಟಿಗೆ ಬದಲಾದ ಮೇಲೆ ಅನ್‌ಡೂ ಇಲ್ಲ. ಆಗ ಅಂಗಡಿಯವನ ಮಾತೇ ನಿಜವಾಗುತ್ತೆ, ಫಾರ್ಮ್ಯಾಟ್ ಮಾಡ್ಬೇಕು.

ಹೀಗಂದರೆ ಕೆಲವರು, ಇಷ್ಟು ಬಿಗಿ ಇರೋದು ನಮ್ಮ ಭದ್ರತೆಗೇ ಅಲ್ವಾ ಅಂತಾರೆ. ಒಂದೇ ಯಂತ್ರವನ್ನು ನಾಲ್ಕು ಜನ ಬಳಸುವಾಗ ಹೌದು. ಆದರೆ ಡಿಸ್ಕೇ ಕೈಗೆ ಸಿಕ್ಕ ಕಳ್ಳನಿಗೆ ಇದು ಯಾವ ಲೆಕ್ಕ? ಉಬುಂಟು ಇರುವ ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಶುರುಮಾಡಿದರೆ ಈ ಅನುಮತಿಗಳನ್ನೆಲ್ಲ ಕೇಳೋರೇ ಇಲ್ಲ, ಬಾಗಿಲು ಹಾರುಹೊಡೆದಿರುತ್ತೆ. ಕಳ್ಳನನ್ನು ತಡೆಯೋದು ಎನ್‌ಕ್ರಿಪ್ಷನ್, ಅದರ ಮಾತೇ ಬೇರೆ.

ಮಾಡಬೇಕಾದ್ದು ಇಷ್ಟು. ಬೇಕಾದ ಫೋಲ್ಡರ್ ಒಂದಕ್ಕೇ ಕೈಹಾಕಿ. ‘ಕಂಟಿನ್ಯೂ’ ಒತ್ತಿ, ಅದು ನಿಮ್ಮ ಅಕೌಂಟನ್ನು ಪಟ್ಟಿಗೆ ಸೇರಿಸುತ್ತೆ. ಫೈಲು ಹೆಚ್ಚಿದ್ದರೆ ಹೊತ್ತು ಹಿಡಿಯುತ್ತೆ, ಮಧ್ಯ ಡಿಸ್ಕ್ ಕೀಳಬೇಡಿ. ಅದಕ್ಕೂ ಬಗ್ಗದಿದ್ದರೆ ಸೆಕ್ಯುರಿಟಿಯಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಬದಲಾಯಿಸಿ, ಒಳಗಿನ ಫೈಲುಗಳಿಗೂ ಅನ್ವಯಿಸು ಅನ್ನುವ ಕಡೆ ಟಿಕ್ ಹಾಕಿ, ಆಮೇಲೆ ನಿಮ್ಮ ಹೆಸರಿಗೆ ಮಾತ್ರ ಫುಲ್ ಕಂಟ್ರೋಲ್ ಕೊಡಿ. ಫೋಟೋಗಳನ್ನು ಹೊಸ ಡಿಸ್ಕಿಗೆ ಕಾಪಿ ಮಾಡಿದರೆ ಆ ಜಾಗದ ಅನುಮತಿಯೇ ಅವಕ್ಕೂ ಬರುತ್ತೆ. ವಿಂಡೋಸ್, ಪ್ರೋಗ್ರಾಮ್ ಫೈಲ್ಸ್ ತಂಟೆಗೆ ಹೋಗಲೇಬೇಡಿ.

ಇಷ್ಟಾದ ಮೇಲೂ ಫೈಲ್ ತೆರೆಯದೇ, ಅದರ ಹೆಸರು ಹಸಿರು ಬಣ್ಣದಲ್ಲೋ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರವೋ ಇದ್ದರೆ, ಅದನ್ನು ಹಳೇ ವಿಂಡೋಸ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿರುತ್ತಾರೆ. ಅದಕ್ಕೆ ಹಳೇ ಅಕೌಂಟಿನ ಕೀ ಬೇಕು. ಆಗ ಹಳೇ ವಿಂಡೋಸ್ ಇರೋ ಡ್ರೈವನ್ನು ಯಾರ ಮಾತಿಗೂ ಅಳಿಸಬೇಡಿ, ಆ ಕೀ ಇರೋದು ಅದರೊಳಗೇ.