ಉಚಿತ ಸಲಹೆಯ ದುಬಾರಿ ಬೆಲೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ - ಬೆಂಗಳೂರಿನ ಈ ಮೂರು ಅಂಚುಗಳಲ್ಲಿ ಎಲ್ಲಿ ಸುತ್ತಾಡಿದರೂ ಒಂದು ಫಲಕ ಕಣ್ಣಿಗೆ ಬೀಳುತ್ತದೆ: ‘ವಿದೇಶದಲ್ಲಿ ಓದಿ. ಸಲಹೆ ಸಂಪೂರ್ಣ ಉಚಿತ.’

ಉಚಿತ! ಬೇಸಿಗೆ ಬಂದರೆ ಟ್ಯಾಂಕರ್ ನೀರಿಗೂ ದುಡ್ಡು ಎಣಿಸಿ ಕೊಡಬೇಕಾದ ವೈಟ್‌ಫೀಲ್ಡ್‌ನಲ್ಲಿ ಇಂತಹ ಔದಾರ್ಯ ಎಲ್ಲಿಂದ ಬಂತು? ಆ ಹವಾನಿಯಂತ್ರಿತ ಕಚೇರಿಯ ಬಾಡಿಗೆ, ಹತ್ತಾರು ನೌಕರರ ಸಂಬಳ, ದೊಡ್ಡ ಹೋಟೆಲುಗಳಲ್ಲಿ ನಡೆಯುವ ‘ಶಿಕ್ಷಣ ಮೇಳ’ಗಳ ಖರ್ಚು ಇವೆಲ್ಲವನ್ನೂ ಕೊಡುವವರು ಯಾರು? ಮಗನ ಅಂಕಪಟ್ಟಿ ಹಿಡಿದು ಅಲ್ಲಿ ಕೂತ ಹೆತ್ತವರಲ್ಲಿ ಈ ಪ್ರಶ್ನೆ ಕೇಳುವವರು ಬಹಳ ಕಡಿಮೆ.

ಉತ್ತರ ಸರಳವಾಗಿದೆ. ಕೊಡುವುದು ವಿದೇಶದ ಕಾಲೇಜು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳ ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯನ್ನು ತಂದುಕೊಟ್ಟ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಸಾಮಾನ್ಯವಾಗಿ ಅದು ಮೊದಲ ವರ್ಷದ ಶುಲ್ಕದ ಒಂದು ಪಾಲು. ಅಂದರೆ ಸಲಹೆಗಾರನ ಸಂಪಾದನೆ ನಿಮ್ಮ ಮಗುವಿನ ಒಳಿತಿನ ಮೇಲೆ ನಿಂತಿಲ್ಲ. ನೀವು ಯಾವ ಕಾಲೇಜಿಗೆ ಎಷ್ಟು ಶುಲ್ಕ ಕಟ್ಟುತ್ತೀರಿ ಎಂಬುದರ ಮೇಲೆ ನಿಂತಿದೆ. ಕಾಲೇಜು ದುಬಾರಿಯಾದಷ್ಟೂ ಅವನ ಪಾಲು ದೊಡ್ಡದು. ಸೀಟುಗಳು ತುಂಬದ ಕಾಲೇಜಿಗೆ ಅವನ ಅಗತ್ಯ ಹೆಚ್ಚು. ಕೊನೆಗೆ ಆ ಕಮಿಷನ್ ಹೊರಡುವುದು ನೀವು ಕಟ್ಟಿದ ಶುಲ್ಕದಿಂದಲೇ.

ಇಂಥವನಿಗೆ ಕನ್ನಡದಲ್ಲಿ ಒಂದು ಪ್ರಾಮಾಣಿಕ ಹೆಸರಿದೆ: ದಲ್ಲಾಳಿ. ಅದು ಬೈಗುಳವಲ್ಲ. ಜಾನುವಾರು ಸಂತೆಯಲ್ಲೂ ದಲ್ಲಾಳಿ ಇರುತ್ತಾನೆ. ಆದರೆ ಅವನು ಯಾರ ಕಡೆಯವನು ಎಂಬುದು ಸಂತೆಗೆ ಬಂದ ರೈತನಿಗೆ ಗೊತ್ತಿರುತ್ತದೆ. ಎತ್ತು ಮಾರುವವನ ದಲ್ಲಾಳಿಯನ್ನೇ ಕರೆದು ‘ಯಾವ ಎತ್ತು ಕೊಳ್ಳಲಿ, ನೀನೇ ಹೇಳು’ ಎಂದು ಯಾವ ರೈತನೂ ಕೇಳುವುದಿಲ್ಲ. ಓದು ಬರಹ ಬಲ್ಲ ನಾವು ಮಾತ್ರ ಮಕ್ಕಳ ವಿಷಯದಲ್ಲಿ ಅದನ್ನೇ ಮಾಡುತ್ತಿದ್ದೇವೆ.

ದಲ್ಲಾಳಿ ಸುಳ್ಳು ಹೇಳಬೇಕಾಗಿಲ್ಲ. ಕೆಲವನ್ನು ಹೇಳದೆ ಬಿಟ್ಟರೆ ಸಾಕು. ಉದಾಹರಣೆಗೆ ಜರ್ಮನಿ. ಅಲ್ಲಿನ ಬಹುತೇಕ ರಾಜ್ಯಗಳ ಸರಕಾರಿ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳಿಂದಲೂ ಸಾಮಾನ್ಯವಾಗಿ ಬೋಧನಾ ಶುಲ್ಕ ಪಡೆಯುವುದಿಲ್ಲ. 2017ರಿಂದ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ. ಜೀವನ ವೆಚ್ಚಕ್ಕೆ ಹಣ ಇದೆಯೆಂದು ತೋರಿಸಬೇಕು, 2022ರ ನವೆಂಬರ್‌ನಿಂದ ಭಾರತೀಯರ ಪ್ರಮಾಣಪತ್ರಗಳು ಎಪಿಎಸ್ ಪರಿಶೀಲನೆಗೆ ಒಳಪಡಬೇಕು, ಭಾಷೆ ಕಲಿಯಬೇಕು. ಕಷ್ಟವಿದೆ, ನಿಜ. ಆದರೆ ಪೀಣ್ಯದಲ್ಲಿ ಲೇತ್ ಯಂತ್ರಗಳ ಸದ್ದಿನ ನಡುವೆ ಬೆಳೆದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಹುಡುಗನಿಗೆ ಇದಕ್ಕಿಂತ ಸೂಕ್ತ ದಾರಿ ಬೇರೆ ಯಾವುದಿದೆ? ಶುಲ್ಕವೇ ಇಲ್ಲದ ಕಡೆ ಶುಲ್ಕದ ಪಾಲೂ ಇಲ್ಲ. ಆದ್ದರಿಂದಲೇ ‘ಉಚಿತ ಸಲಹೆ’ಯ ಮೇಜಿನ ಮೇಲೆ ಈ ಹೆಸರುಗಳು ಮೊದಲು ಬರುವುದಿಲ್ಲ.

ಹೇಳದೆ ಬಿಡುವುದು ಒಂದು ಕಡೆಯಾದರೆ, ಹಸಿ ಮೋಸದ ಕಥೆಗಳು ಇನ್ನೊಂದು ಕಡೆ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ ಅಮೆರಿಕದ ಅಧಿಕಾರಿಗಳು ದಾಳಿ ಮಾಡಿದರು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಭಾರತೀಯರು. ಕೆಲವರ ಕಾಲಿಗೆ ಕೈದಿಗಳಂತೆ ರೇಡಿಯೋ ಪಟ್ಟಿ ಕಟ್ಟಲಾಯಿತು. 2019ರ ಜನವರಿಯಲ್ಲಿ ಮಿಚಿಗನ್ ರಾಜ್ಯದ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಪ್ರಕರಣ ಹೊರಬಿತ್ತು. ಅದು ವೀಸಾ ವಂಚಕರನ್ನು ಹಿಡಿಯಲು ಅಮೆರಿಕ ಸರಕಾರವೇ ಹೂಡಿದ್ದ ಬಲೆ. ಮೊದಲ ಹಂತದಲ್ಲಿ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ವಿದ್ಯಾರ್ಥಿಗಳನ್ನು ಸೇರಿಸಿದ 8 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ತರಗತಿಯೂ ಅಧ್ಯಾಪಕರೂ ಇಲ್ಲದ ಆ ‘ವಿಶ್ವವಿದ್ಯಾಲಯ’ಕ್ಕೆ ಹುಡುಗರನ್ನು ತಂದುಕೊಟ್ಟದ್ದಕ್ಕೆ ಅವರು ಕಮಿಷನ್ ಪಡೆದಿದ್ದರು. 2023ರಲ್ಲಿ ಕೆನಡಾದಲ್ಲಿ ನೂರಾರು ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಭೀತಿ ಎದುರಿಸಿದರು. ವರ್ಷಗಳ ಹಿಂದೆ ಜಲಂಧರಿನ ಏಜೆಂಟ್ ಕೊಟ್ಟಿದ್ದ ಪ್ರವೇಶ ಪತ್ರಗಳು ನಕಲಿಯಾಗಿದ್ದವು. ಓದು ಮುಗಿಸಿ, ಕೆಲಸಕ್ಕೆ ಸೇರಿ, ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ ಎಷ್ಟೋ ಮಂದಿಗೆ ಅದು ತಿಳಿಯಿತು.

ವೈದ್ಯಕೀಯ ಶಿಕ್ಷಣದ ಕಥೆ ಇನ್ನೂ ನೋವಿನದು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದಾಗ ಇಡೀ ರಾಜ್ಯ ಕಣ್ಣೀರಿಟ್ಟಿತು. ಒಳ್ಳೆಯ ಅಂಕ ಬಂದರೂ ಕೈಗೆಟುಕುವ ಸೀಟು ಇಲ್ಲಿ ಸಿಗಲಿಲ್ಲವೆಂದು ತಂದೆ ಹೇಳಿದ ಮಾತು ಎಲ್ಲರನ್ನೂ ಕಲಕಿತು. ಕಣ್ಣೀರು ಆರಿದ ಮೇಲೆ ಏನಾಯಿತು? ಉಕ್ರೇನಿನ ಜಾಗಕ್ಕೆ ಬೇರೆ ದೇಶಗಳ ಹೆಸರು ಬಂತು, ಅಷ್ಟೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನವೆಂಬರ್ ನಿಯಮದ ಪ್ರಕಾರ ವಿದೇಶದ ಕೋರ್ಸು ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷಿನಲ್ಲಿ ನಡೆದಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ‘ಆಯೋಗದಿಂದ ಮಾನ್ಯತೆ ಪಡೆದ ಕಾಲೇಜು’ ಎಂದು ಕರಪತ್ರದಲ್ಲಿ ಅಚ್ಚಾಗಿರುತ್ತದೆ. ಆದರೆ ಆಯೋಗ ವಿದೇಶಿ ಕಾಲೇಜುಗಳ ಅಂತಹ ಮಾನ್ಯತಾ ಪಟ್ಟಿಯನ್ನೇ ಹೊರಡಿಸುವುದಿಲ್ಲ. ಮರಳಿ ಬಂದವರು ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆಯಲ್ಲಿ 2023ರ ಡಿಸೆಂಬರ್ ಮತ್ತು 2024ರ ಜೂನ್‌ನಲ್ಲಿ ಪಾಸಾದವರು ಐವರಲ್ಲಿ ಹೆಚ್ಚು ಕಡಿಮೆ ಒಬ್ಬರು. ಉಳಿದ ನಾಲ್ವರ ಬಗ್ಗೆ ಫಲಕದಲ್ಲಿ ಒಂದಕ್ಷರವೂ ಇರುವುದಿಲ್ಲ.

ಇಲ್ಲಿ ಸರಕಾರದ ಇಬ್ಬಗೆಯ ನೀತಿಯನ್ನೂ ಗಮನಿಸಬೇಕು. ಪೀಣ್ಯದ ವೆಲ್ಡರ್ ಒಬ್ಬನನ್ನು ಏಜೆಂಟ್ ಗಲ್ಫಿಗೆ ಕಳುಹಿಸಬೇಕಾದರೆ, 1983ರ ಎಮಿಗ್ರೇಶನ್ ಕಾಯಿದೆಯಡಿ ನೋಂದಾಯಿಸಿಕೊಂಡಿರಬೇಕು. ಬ್ಯಾಂಕ್ ಗ್ಯಾರಂಟಿ ಇಡಬೇಕು. ಕಾರ್ಮಿಕನಿಂದ ಪಡೆಯುವ ಸೇವಾಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ದಾಟಬಾರದು. ಇದೆಲ್ಲ ಇದ್ದೂ ಮೋಸ ನಡೆಯುತ್ತದೆ, ಆದರೆ ಬಡವ ಹೋಗಿ ದೂರು ಕೊಡಲು ಒಂದು ಬಾಗಿಲಾದರೂ ಇದೆ. ಅದೇ ವೆಲ್ಡರನ ಮಗಳನ್ನು ಓದಲು ವಿದೇಶಕ್ಕೆ ಕಳುಹಿಸುವವನಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಏಕೆಂದರೆ ಅದು ಉದ್ಯೋಗಕ್ಕೆ ಹೋಗುವವರಿಗಾಗಿ ಮಾತ್ರ ಮಾಡಿದ್ದು. ಒಂದು ಕೋಣೆ ಬಾಡಿಗೆಗೆ ಹಿಡಿದು ಫಲಕ ತೂಗುಹಾಕಿದರೆ ಸಾಕು, ಆತ ‘ಶಿಕ್ಷಣ ತಜ್ಞ’. ಪಂಜಾಬ್ ತನ್ನ ಮಕ್ಕಳನ್ನು ಕಳೆದುಕೊಂಡ ಮೇಲೆ 2012ರಲ್ಲಿ ಇಂತಹ ಸಲಹೆಗಾರರಿಗೂ ಪರವಾನಗಿ ಕಡ್ಡಾಯ ಮಾಡುವ ಕಾಯಿದೆ ತಂದಿತು. ನಾವೂ ಮಕ್ಕಳನ್ನು ಕಳೆದುಕೊಳ್ಳುವವರೆಗೆ ಕಾಯಬೇಕೇ?

ಆದರೆ ತಪ್ಪನ್ನು ಏಜೆಂಟ್ ಮತ್ತು ಸರಕಾರದ ತಲೆಗೆ ಕಟ್ಟಿ ಹೆತ್ತವರು ಕೈ ತೊಳೆದುಕೊಳ್ಳುವಂತಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿ ಒಂದು ಫ್ಲ್ಯಾಟ್ ಕೊಳ್ಳುವಾಗ ಮೂಲಪತ್ರ, ಖಾತೆ, ಋಣಭಾರ ಪತ್ರಗಳನ್ನೆಲ್ಲ ವಕೀಲರಿಗೆ ತೋರಿಸುತ್ತಾನೆ. ಪೀಣ್ಯದ ಸಣ್ಣ ಕಾರ್ಖಾನೆಯ ಯಜಮಾನ ಒಂದು ಬಿಡಿಭಾಗವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯದೆ ಹೊರಗೆ ಬಿಡುವುದಿಲ್ಲ. ಇಂಥವರೇ ಅದೇ ಫ್ಲ್ಯಾಟು, ಅದೇ ಶೆಡ್ಡು ಅಡವಿಟ್ಟು ಮಗುವನ್ನು ಕಳುಹಿಸುವಾಗ ಬಣ್ಣದ ಕರಪತ್ರ ನೋಡಿ ಸಹಿ ಹಾಕುತ್ತಾರೆ. ಕಾರಣ, ನಮಗೆ ಬೇಕಾದದ್ದು ಶಿಕ್ಷಣಕ್ಕಿಂತ ಹೆಚ್ಚಾಗಿ ಮದುವೆ ಮನೆಯಲ್ಲಿ ಹೇಳಿಕೊಳ್ಳಲು ಒಂದು ದೇಶದ ಹೆಸರು. ‘ಮಗ ಏನು ಓದುತ್ತಿದ್ದಾನೆ’ ಎಂದರೆ ‘ಕೆನಡಾದಲ್ಲಿದ್ದಾನೆ’ ಎಂಬ ಉತ್ತರ ಬರುತ್ತದೆ. ಕೆನಡಾ ಯಾವಾಗಿನಿಂದ ಒಂದು ವಿಷಯವಾಯಿತು?

ಈ ಪ್ರತಿಷ್ಠೆಯ ಹುಚ್ಚಿಗೆ ಬೆಲೆ ತೆರುವವರು ಮಕ್ಕಳು. 2024ರಲ್ಲಿ ಕೆನಡಾ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿತು, ಕೈಯಲ್ಲಿರಬೇಕಾದ ಜೀವನ ವೆಚ್ಚದ ಮೊತ್ತವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಅದೇ ಜನವರಿಯಿಂದ ಬ್ರಿಟನ್ ಬಹುತೇಕ ಮಾಸ್ಟರ್ಸ್ ವಿದ್ಯಾರ್ಥಿಗಳು ಕುಟುಂಬ ಕರೆತರುವುದನ್ನು ನಿಲ್ಲಿಸಿತು. ಆ ವರ್ಷವೇ ಆಸ್ಟ್ರೇಲಿಯಾ ವಿದ್ಯಾರ್ಥಿ ವೀಸಾ ಶುಲ್ಕವನ್ನು 710 ಡಾಲರಿನಿಂದ 1,600 ಡಾಲರಿಗೆ ಹೆಚ್ಚಿಸಿತು. ನಿಯಮ ರಾತ್ರೋರಾತ್ರಿ ಬದಲಾದಾಗ, ಪದವಿಗಾಗಿ ಹೋದವನ ಕೈಯಲ್ಲಿ ಪದವಿಯಾದರೂ ಉಳಿಯುತ್ತದೆ. ವೀಸಾಕ್ಕಾಗಿ ಕಾಲೇಜು ಸೇರಿದವನ ಕೈಯಲ್ಲಿ ಸಾಲ ಮಾತ್ರ ಉಳಿಯುತ್ತದೆ.

ಎಲ್ಲ ಸಲಹೆಗಾರರೂ ಕೆಟ್ಟವರೇ ಎಂದು ಕೇಳಬಹುದು. ಖಂಡಿತ ಅಲ್ಲ. ದಾಖಲೆಗಳನ್ನು ಜೋಡಿಸಿ, ಮೊದಲ ತಲೆಮಾರಿನ ಪದವೀಧರರಿಗೆ ದಾರಿ ತೋರಿಸುವ ಪ್ರಾಮಾಣಿಕರೂ ಇದ್ದಾರೆ. ಪ್ರಾಮಾಣಿಕನಾದವನು ‘ಈ ಕಾಲೇಜಿನಿಂದ ನನಗೆ ಇಷ್ಟು ಸಿಗುತ್ತದೆ’ ಎಂದು ಬರೆದು ಕೊಡಲು ಹಿಂಜರಿಯಬೇಕಾಗಿಲ್ಲ. ವಿದೇಶಕ್ಕೆ ಹೋಗುವುದೇ ತಪ್ಪೆಂಬ ವಾದವೂ ಇಲ್ಲಿಲ್ಲ. 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಂಬೇಡ್ಕರರು ಕೊಲಂಬಿಯಾಕ್ಕೆ ಹೋಗಿ ಅರ್ಥಶಾಸ್ತ್ರ ಓದಿದ್ದರಿಂದ ಈ ದೇಶಕ್ಕೆ ಸಿಕ್ಕ ಲಾಭ ಅಳೆಯಲಾಗದ್ದು. ಜ್ಞಾನಕ್ಕಾಗಿ ಎಷ್ಟು ದೂರವಾದರೂ ಹೋಗಲಿ. ದಾರಿಯನ್ನು ದಲ್ಲಾಳಿ ನಿರ್ಧರಿಸುವುದು ಬೇಡ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಶಿಕ್ಷಣ ಏಜೆಂಟರಿಗೆ ನೋಂದಣಿ, ಠೇವಣಿ ಮತ್ತು ಕಮಿಷನ್ ಬಹಿರಂಗವನ್ನು ಕಡ್ಡಾಯಗೊಳಿಸುವ ಕಾಯಿದೆಯನ್ನು ಕರ್ನಾಟಕ ಸರಕಾರ ತರಬೇಕು. ಎರಡನೆಯದಾಗಿ, ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ‘ಪಢೋ ಪರ್ದೇಶ್’ ಯೋಜನೆಯನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ನೆರವು ಹಿಂದೆ ಸರಿದ ಜಾಗಕ್ಕೆ ದಲ್ಲಾಳಿ ಮತ್ತು ಸಾಲ ಕೊಡುವವರು ಬಂದು ಕೂರುತ್ತಾರೆ. ಅದನ್ನು ಮರಳಿ ಕೇಳುವ ಧ್ವನಿ ಏಳಬೇಕು.

ಮೂರನೆಯದು ನಮ್ಮ ಕೈಯಲ್ಲೇ ಇದೆ. ಹೊರದೇಶಗಳಲ್ಲಿ ಓದಿ ಬಂದ ಎಷ್ಟೋ ಮಂದಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿದ್ದಾರೆ. ಮಸೀದಿಯ ಜಮಾಅತ್, ಕನ್ನಡ ಸಂಘ, ಬಡಾವಣೆಯ ಸಂಘ ಯಾವುದೇ ಇರಲಿ, ತಿಂಗಳಿಗೊಂದು ಭಾನುವಾರ ಅವರನ್ನು ಕರೆದು ಕೂರಿಸಲಿ. ಅವರ ಸಲಹೆ ಮಾತ್ರ ನಿಜಕ್ಕೂ ಉಚಿತ, ಏಕೆಂದರೆ ಯಾವ ಕಾಲೇಜೂ ಅವರಿಗೆ ದುಡ್ಡು ಕೊಡುವುದಿಲ್ಲ.

ಸಹಿ ಹಾಕುವ ಮುನ್ನ ಹೆತ್ತವರು ಕೇಳಬೇಕಾದ ಪ್ರಶ್ನೆಗಳೂ ಬಹಳವಿಲ್ಲ. ಕಾಲೇಜಿಗೆ ಆ ದೇಶದ ಸರಕಾರದ ಮಾನ್ಯತೆ ಇದೆಯೇ ಎಂದು ಸರಕಾರದ ಪಟ್ಟಿಯಲ್ಲೇ ನೋಡಿದೆವೇ? ಪ್ರವೇಶ ಪತ್ರ ನಿಜವೇ ಎಂದು ಕಾಲೇಜಿಗೇ ಬರೆದು ತಿಳಿದೆವೇ? ಶುಲ್ಕವನ್ನು ನೇರ ಕಾಲೇಜಿನ ಖಾತೆಗೆ ಕಟ್ಟುತ್ತಿದ್ದೇವೆಯೇ? ಅಲ್ಲಿ ಕೆಲಸವೇ ಸಿಗದೆ ಊರಿಗೆ ಬಂದರೆ ಈ ಸಾಲ ತೀರಿಸಬಲ್ಲೆವೇ? ಎಲ್ಲಕ್ಕಿಂತ ಮೊದಲು, ನಿನಗೆ ಏನು ಓದಬೇಕು ಎಂದು ಮಗುವನ್ನು ಒಮ್ಮೆಯಾದರೂ ಕೇಳಿದೆವೇ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ಆ ಫಲಕದ ಕೆಳಗಿನ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ.